ಎರಡಂಗುಲದ ವೆಲಿಂಗ್ಟನ್ ಮತ್ತು ಬಲಂ ಕಾಡು

ಸೈನಿಕ ಗೊಂಬೆಗಳನ್ನು ಕೂಡಿಡುವ ಹವ್ಯಾಸಿಗಳ ಕಪಾಟುಗಳಲ್ಲಿ ಮತ್ತೆ ಮತ್ತೆ ಕಾಣಸಿಗುವ ಗೊಂಬೆಯೊಂದಿದೆ. ಕಂದುಗೆಂಪು ಕುದುರೆಯ ಮೇಲೆ ನೆಟ್ಟಗೆ ಕುಳಿತ ಕೊಕ್ಕೆಮೂಗಿನ ಮನುಷ್ಯ. ಸುತ್ತಲಿನ ಅಧಿಕಾರಿಗಳೆಲ್ಲ ಜರತಾರಿ ಪೋಷಾಕಿನಲ್ಲಿ ಮಿಂಚುತ್ತಿದ್ದರೆ ಈತನದು ಕಡುನೀಲಿ ಬಣ್ಣದ ಸಾದಾ ಕೋಟು. ಅಡ್ಡಟೋಪಿಯ ಪಕ್ಕಕ್ಕೆ ಬ್ರಿಟನ್, ಸ್ಪೇನ್, ಪೋರ್ಚುಗಲ್, ನೆದರ್ಲೆಂಡ್ಸ್ ದೇಶಗಳ ಸಣ್ಣ ಸಣ್ಣ ಬಣ್ಣದ ಬಿಲ್ಲೆಗಳು. ಕುದುರೆಯ ಹೆಸರು ಕೋಪನ್‌ಹೇಗನ್. ಸವಾರ, 1815ರ ಜೂನ್ 18ರಂದು ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್.

ಆ ಟೋಪಿಯ ಬಿಲ್ಲೆಗಳು ಎಷ್ಟು, ಯಾವ ಬಣ್ಣದವು ಎಂದು ಹವ್ಯಾಸಿಗಳು ಗಂಟೆಗಟ್ಟಲೆ ಚರ್ಚಿಸಬಲ್ಲರು. ಇದೇ ಮನುಷ್ಯ ವಾಟರ್ಲೂವಿಗೆ ಹದಿಮೂರು ವರ್ಷ ಮೊದಲು ಹಾಸನ ಜಿಲ್ಲೆಯ ಕಾಡಿನಲ್ಲಿ ಯುದ್ಧ ಮಾಡಿದ್ದ ಎಂಬುದು ಮಾತ್ರ ಅವರ ಮಾತಿನಲ್ಲಿ ಬರುವುದು ಕಡಿಮೆ. ಹಾಸನದ ನಮ್ಮ ಮಾತಿನಲ್ಲೂ ಅದು ಬರುವುದಿಲ್ಲ ಎನ್ನಿ.

ಸೀಸ ಮತ್ತು ತವರದ ಈ ಸಿಪಾಯಿಗಳ ಕಥೆ ಹಳೆಯದು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಜರ್ಮನಿಯ ನ್ಯೂರೆಂಬರ್ಗ್ ಸುತ್ತಮುತ್ತಲ ಎರಕದವರು ಬಿಲ್ಲೆಯಂತೆ ಚಪ್ಪಟೆಯಾದ ತವರದ ಸೈನಿಕರನ್ನು ಮಾಡಿ ಮಾರಲಾರಂಭಿಸಿದರು. ಪ್ಯಾರಿಸ್ಸಿನ ತಯಾರಕರು ಮೈದುಂಬಿದ ಗೊಂಬೆಗಳನ್ನು ಎರಕ ಹೊಯ್ದರು. 1893ರಲ್ಲಿ ಲಂಡನ್ನಿನ ಬ್ರಿಟನ್ಸ್ ಎಂಬ ಕುಟುಂಬ ಕಂಪನಿ ಒಳಗೆ ಪೊಳ್ಳಾದ ಗೊಂಬೆ ಎರೆಯುವ ಉಪಾಯ ಕಂಡುಕೊಂಡಿತು. ಸೀಸ ಕಡಿಮೆ ಸಾಕಾದ್ದರಿಂದ ಬೆಲೆ ಇಳಿಯಿತು. ನಡುಮನೆಯ ಮಕ್ಕಳ ಕೈಗೂ ಸಿಪಾಯಿಗಳು ಬಂದರು. ನಿಂತ ಆಳಿನ ಎತ್ತರ 54 ಮಿಲಿಮೀಟರ್, ಅಂದರೆ ಎರಡಂಗುಲಕ್ಕೆ ತುಸು ಹೆಚ್ಚು. ಇಂದಿಗೂ ಹವ್ಯಾಸಿಗಳು ಹೆಚ್ಚಾಗಿ ಮೆಚ್ಚುವ ಅಳತೆಗಳಲ್ಲಿ ಇದೊಂದು. ಸೀಸ ಮಕ್ಕಳ ಆರೋಗ್ಯಕ್ಕೆ ಕೆಟ್ಟದ್ದೆಂದು 1966ರ ಹೊತ್ತಿಗೆ ಬ್ರಿಟನ್ಸ್ ಸೀಸದ ಗೊಂಬೆ ನಿಲ್ಲಿಸಿ ಪ್ಲಾಸ್ಟಿಕ್ಕಿಗೆ ಇಳಿಯಿತು. ಮಕ್ಕಳ ಆಟಿಕೆ ಅಲ್ಲಿಂದಾಚೆಗೆ ದೊಡ್ಡವರ ಹವ್ಯಾಸವಾಗಿ ಉಳಿದುಕೊಂಡಿತು.

ನೆಪೋಲಿಯನ್ ಕಾಲದ ಯುದ್ಧಗಳ ಮೇಲೆಯೇ ಈ ಹವ್ಯಾಸಿಗಳಿಗೆ ಇಷ್ಟು ಮೋಹವೇಕೆ? ಮುಖ್ಯ ಕಾರಣ ಬಣ್ಣ. ಆಗಿನ ಕೋವಿಮದ್ದು ಸಿಡಿದರೆ ರಣರಂಗವೆಲ್ಲ ದಟ್ಟ ಹೊಗೆ. ಆ ಹೊಗೆಯಲ್ಲಿ ತಮ್ಮವರು ಯಾರು, ಎದುರಾಳಿ ಯಾರು ಎಂದು ಗುರುತು ಹಿಡಿಯಲು ಢಾಳಾದ ಸಮವಸ್ತ್ರಗಳು ಬೇಕಿದ್ದವು. ಒಂದೊಂದು ರೆಜಿಮೆಂಟಿಗೆ ಒಂದೊಂದು ಬಗೆಯ ಕೊರಳಪಟ್ಟಿ, ತೋಳಪಟ್ಟಿ. ವೆಲಿಂಗ್ಟನ್ ಇಂಡಿಯಾಕ್ಕೆ ಕರೆತಂದ 33ನೆಯ ರೆಜಿಮೆಂಟಿನದು ಕೆಂಪು ಕೋಟಿಗೆ ಕೆಂಪೇ ಪಟ್ಟಿ. ಇಂಥ ವಿವರಗಳಿಗಾಗಿಯೇ ದಪ್ಪ ದಪ್ಪ ಪುಸ್ತಕಗಳಿವೆ. ಗೊಂಬೆಗೆ ಬಣ್ಣ ಹಚ್ಚುವವರು ಭೂತಗನ್ನಡಿ ಹಿಡಿದು, ಎರಡು ಮೂರು ಕೂದಲಿನ ಕುಂಚದಿಂದ ಗುಂಡಿ ಗುಂಡಿಗೂ ಬಣ್ಣ ಕೊಡುತ್ತಾರೆ. ಗುಂಡಿಯ ಸಂಖ್ಯೆ ತಪ್ಪಿದರೆ ಜೊತೆಗಾರರು ಎತ್ತಿ ಆಡದೆ ಬಿಡುವುದಿಲ್ಲ. ಹೊರಗಿನವರಿಗೆ ಇದು ಹುಚ್ಚು ಎನಿಸಬಹುದು. ಆದರೆ ಈ ಹುಚ್ಚಿನಲ್ಲಿ ಒಂದು ಲಾಭವಿದೆ. ಚರಿತ್ರೆ ಬರೆಯುವವನು ‘ಸೈನ್ಯ ಮುನ್ನುಗ್ಗಿತು’ ಎಂದು ಬರೆದು ಮುಂದೆ ಹೋಗಬಹುದು. ಗೊಂಬೆ ಮಾಡುವವನಿಗೆ ಆ ಅನುಕೂಲವಿಲ್ಲ. ಆ ಸಿಪಾಯಿಯ ಕಾಲಲ್ಲಿ ಜೋಡು ಇತ್ತೇ, ತಲೆಗೆ ಏನು ಸುತ್ತಿದ್ದ, ಕೋವಿ ಎಡಗೈಯಲ್ಲೋ ಬಲಗೈಯಲ್ಲೋ ಎಂಬುದಕ್ಕೆ ಅವನು ಉತ್ತರ ಹುಡುಕಲೇಬೇಕು.

ಈ ಉತ್ತರ ಹುಡುಕುವ ಕೆಲಸವನ್ನು ಎಲ್ಲರಿಗಿಂತ ದೂರ ಒಯ್ದವನು ವಿಲಿಯಂ ಸೈಬೋರ್ನ್ ಎಂಬ ಬ್ರಿಟಿಷ್ ಸೇನಾಧಿಕಾರಿ. ವಾಟರ್ಲೂ ಕದನದ ಮಾದರಿಯೊಂದನ್ನು ಮಾಡಿಕೊಡುವಂತೆ 1830ರಲ್ಲಿ ಅವನಿಗೆ ಆದೇಶವಾಯಿತು. ಆತ ಬೆಲ್ಜಿಯಂಗೆ ಹೋಗಿ, ಕದನದ ನಟ್ಟನಡುವೆ ಇದ್ದ ಲಾ ಹೇ ಸಾಂತ್ ಎಂಬ ತೋಟದ ಮನೆಯಲ್ಲಿ ಎಂಟು ತಿಂಗಳು ಉಳಿದು, ಹೊಲ, ದಿಬ್ಬ, ಬೇಲಿಗಳನ್ನೆಲ್ಲ ಅಳೆದ. ಕದನದಲ್ಲಿ ಬದುಕಿ ಉಳಿದ ಅಧಿಕಾರಿಗಳಿಗೆಲ್ಲ ಪತ್ರ ಬರೆದು, ಸಂಜೆ ಸುಮಾರು ಏಳು ಗಂಟೆಗೆ ನಿಮ್ಮ ಪಡೆ ಎಲ್ಲಿ ನಿಂತಿತ್ತು, ಎದುರಿಗೆ ಯಾರಿದ್ದರು, ಹೊಲದಲ್ಲಿ ಯಾವ ಪೈರಿತ್ತು ಎಂದು ಕೇಳಿದ. ಉತ್ತರಗಳು ನೂರಾರು ಬಂದವು. ನಡುವೆ ಸರ್ಕಾರ ಹಣ ಕೊಡುವುದನ್ನು ನಿಲ್ಲಿಸಿತು. ಸೈಬೋರ್ನ್ ಸಾಲ ಮಾಡಿ ಮುಂದುವರಿದ. 1838ರಲ್ಲಿ ಲಂಡನ್ನಿನ ಈಜಿಪ್ಷಿಯನ್ ಹಾಲ್‌ನಲ್ಲಿ ಮಾದರಿ ಪ್ರದರ್ಶನಕ್ಕೆ ಬಂದಾಗ ಅದರಲ್ಲಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಪುಟಾಣಿ ಸೈನಿಕರಿದ್ದರು. ಒಬ್ಬೊಬ್ಬನೂ ಕಿರುಬೆರಳ ಉಗುರಿನಷ್ಟು. ಜನ ಒಂದೊಂದು ಶಿಲಿಂಗ್ ಕೊಟ್ಟು ಮುಗಿಬಿದ್ದು ನೋಡಿದರು. ಸೈಬೋರ್ನನ ಸಾಲ ಮಾತ್ರ ತೀರಲಿಲ್ಲ. 1849ರಲ್ಲಿ ತೀರಿಕೊಂಡದ್ದು ಅವನೇ.

ಆ ಮಾದರಿ ಈಗ ಲಂಡನ್ನಿನ ರಾಷ್ಟ್ರೀಯ ಸೇನಾ ವಸ್ತುಸಂಗ್ರಹಾಲಯದಲ್ಲಿದೆ. ಆದರೆ ಅದರ ಬಗ್ಗೆ ಒಂದು ಜಗಳ ಇಂದಿಗೂ ಮುಗಿದಿಲ್ಲ. ವಾಟರ್ಲೂವಿನಲ್ಲಿ ವೆಲಿಂಗ್ಟನ್ನನ ನೆರವಿಗೆ ಪ್ರಷ್ಯದ ಸೈನ್ಯ ಬಂದಿತ್ತಷ್ಟೆ? ತನಗೆ ಬಂದ ಪತ್ರಗಳನ್ನು ನಂಬಿ ಸೈಬೋರ್ನ್ ಪ್ರಷ್ಯದವರನ್ನು ದೊಡ್ಡ ಸಂಖ್ಯೆಯಲ್ಲಿ ಮಾದರಿಯ ಮೇಲೆ ನಿಲ್ಲಿಸಿದ್ದ. ಗೆಲುವಿನ ಪಾಲು ಹಂಚಿಹೋದಂತೆ ಕಾಣುವ ಈ ಜೋಡಣೆ ವೆಲಿಂಗ್ಟನ್ನನಿಗೂ ಅವನ ಆಪ್ತರಿಗೂ ರುಚಿಸಲಿಲ್ಲ. ಒತ್ತಡ ಬಂತು. ಕೊನೆಗೆ ಸಾವಿರಾರು ಪ್ರಷ್ಯನ್ ಗೊಂಬೆಗಳನ್ನು ಸೈಬೋರ್ನ್ ತೆಗೆದುಹಾಕಿದ. ಮೇಜಿನ ಮೇಲೆ ಯಾರನ್ನು ನಿಲ್ಲಿಸಬೇಕು, ಯಾರನ್ನು ಎತ್ತಬೇಕು ಎಂಬುದು ಗೆದ್ದವನಿಗೆ ಆಟದ ಮಾತಾಗಿರಲಿಲ್ಲ.

ಇನ್ನು ನಮ್ಮ ಜಿಲ್ಲೆಗೆ ಬರೋಣ. ವೆಲಿಂಗ್ಟನ್ ಹಾಸನಕ್ಕೆ ಬಂದಾಗ ಇನ್ನೂ ಡ್ಯೂಕ್ ಆಗಿರಲಿಲ್ಲ. ಕರ್ನಲ್ ಆರ್ಥರ್ ವೆಲ್ಲೆಸ್ಲಿ, ವಯಸ್ಸು ಮೂವತ್ತೆರಡು. ಅವನೂ ನೆಪೋಲಿಯನ್ನನೂ ಹುಟ್ಟಿದ್ದು ಒಂದೇ ವರ್ಷ, 1769ರಲ್ಲಿ. 1799ರ ಆರಂಭದಲ್ಲಿ ನೆಪೋಲಿಯನ್ ಕೈರೋದಿಂದ ಟಿಪ್ಪು ಸುಲ್ತಾನನಿಗೆ ಬರೆದ ಪತ್ರ ದಾರಿಯಲ್ಲೇ ಇಂಗ್ಲಿಷರ ಕೈಸೇರಿತು. ಅದೇ ವರ್ಷ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಅಲ್ಲಿನ ಆಡಳಿತ ವೆಲ್ಲೆಸ್ಲಿಯ ಕೈಗೆ ಬಂತು. ದರಿಯಾ ದೌಲತ್ ಅವನ ಬಿಡಾರವಾಯಿತು. ನೆಪೋಲಿಯನ್ ಮುಂದೆ ಇವನನ್ನು ‘ಸಿಪಾಯಿ ಜನರಲ್’ ಎಂದು ಮೂದಲಿಸಿದ್ದಕ್ಕೆ ಕಾರಣ ಈ ಇಂಡಿಯಾದ ವರ್ಷಗಳೇ.

ಶ್ರೀರಂಗಪಟ್ಟಣ ಬಿದ್ದ ಮೇಲೂ ಬಗ್ಗದವರು ಕೆಲವರಿದ್ದರು. ಅವರಲ್ಲೊಬ್ಬ ಬಲಂ ಪಾಳೆಯಗಾರ ಕೃಷ್ಣಪ್ಪ ನಾಯಕ. ಬಲಂ ಎಂದರೆ ಇಂದಿನ ಸಕಲೇಶಪುರ, ಐಗೂರು, ಮಂಜರಾಬಾದ್ ಸೀಮೆ. ಘಟ್ಟದ ಅಂಚಿನ ಈ ಮಳೆಕಾಡು ಅವನ ಕೋಟೆ. ಅವನ ಕೈಯಲ್ಲಿ ಅದಕ್ಕಿಂತ ಬೆಲೆಯುಳ್ಳ ಇನ್ನೊಂದು ವಸ್ತುವಿತ್ತು, ದಾರಿ. ಬಿಸಿಲೆ ಘಾಟಿಯಿಂದ ಸುಬ್ರಹ್ಮಣ್ಯಕ್ಕೆ ಇಳಿದರೆ ಕರಾವಳಿ. ಆ ದಾರಿ ಕಟ್ಟಿದರೆ ಶ್ರೀರಂಗಪಟ್ಟಣಕ್ಕೂ ಮಂಗಳೂರಿಗೂ ಸಂಪರ್ಕ ತಪ್ಪಿತು. ನಾಯಕ ಮಾಡಿದ್ದು ಅದನ್ನೇ.

1800ರಲ್ಲಿ ಕರ್ನಲ್ ಮಾಂಟ್ರೆಸರನ ಪಡೆ ಬಲಂ ಕಾಡಿಗೆ ನುಗ್ಗಿ ಅರಕೆರೆಯನ್ನು ಹಿಡಿಯಿತು. (ಇಂಗ್ಲಿಷ್ ದಾಖಲೆಗಳಲ್ಲಿ ಈ ಊರಿನ ಹೆಸರು ‘ಅರಕೇರಿ’ ಎಂದು ಬರುತ್ತದೆ.) ಅಷ್ಟರಲ್ಲಿ ಧೋಂಡಿಯ ವಾಘ್ ಉತ್ತರದಲ್ಲಿ ತಲೆಯೆತ್ತಿದ. ವೆಲ್ಲೆಸ್ಲಿ ಅವನ ಬೆನ್ನಟ್ಟಿ ಹೋದ. 1800ರ ಸೆಪ್ಟೆಂಬರ್ 10ರಂದು ಧೋಂಡಿಯ ಹತನಾದ. ಈ ಸಂದಿನಲ್ಲಿ ಕೃಷ್ಣಪ್ಪ ನಾಯಕ ಮತ್ತೆ ತನ್ನ ಕಾಡಿಗೆ ಬಂದು ಕುಳಿತಿದ್ದ. ಕೊನೆಗೆ 1802ರ ಜನವರಿಯಲ್ಲಿ ವೆಲ್ಲೆಸ್ಲಿಯೇ ದಂಡು ಕಟ್ಟಿಕೊಂಡು ಬಂದ. ದಿವಾನ್ ಪೂರ್ಣಯ್ಯನವರ ಮೈಸೂರು ಪಡೆಯೂ ಜೊತೆಗಿತ್ತು.

ಅರಕೆರೆ ಎಂದರೆ ಕಲ್ಲಿನ ಕೋಟೆಯಲ್ಲ. ದಟ್ಟ ಕಾಡು, ಅದರೊಳಗೆ ಬಿದಿರು ಮುಳ್ಳುಗಳ ಬೇಲಿ, ಬೇಲಿಯ ಹಿಂದೆ ಅಗಳು, ಅದರ ಹಿಂದೆ ಊರು. ಜನವರಿ 16ರಂದು ವೆಲ್ಲೆಸ್ಲಿಯ ಪಡೆ ಮೂರು ದಿಕ್ಕಿನಿಂದ ಮೂರು ಸಾಲಾಗಿ ಕಾಡಿಗೆ ನುಗ್ಗಿತು. ತಪ್ಪಿಸಿಕೊಳ್ಳುವವರನ್ನು ಹಿಡಿಯಲು ಕಾಡಿನ ಸುತ್ತ ಕುದುರೆ ಪಡೆ ಕಾವಲಿತ್ತು. ಊರು ಬಿತ್ತು. ನಾಯಕ ತಪ್ಪಿಸಿಕೊಂಡರೂ ಬಹುದಿನ ಉಳಿಯಲಿಲ್ಲ. ಫೆಬ್ರವರಿಯಲ್ಲಿ ಸಿಕ್ಕಿಬಿದ್ದ, ಸಂಗಡಿಗರೊಂದಿಗೆ ಅವನನ್ನು ನೇಣಿಗೆ ಹಾಕಿದರು.

ವಾಟರ್ಲೂ ಮಾದರಿಯಂತೆಯೇ ಅರಕೆರೆಯದೂ ಒಂದು ಮಾದರಿ ಮಾಡುತ್ತೇವೆ ಎಂದಿಟ್ಟುಕೊಳ್ಳಿ. ನಮ್ಮ ಜಿಲ್ಲೆಯಲ್ಲಿ ನೆಪೋಲಿಯನ್ ಕಾಲದ ಯುದ್ಧದ ಗೊಂಬೆ ಮಾಡಬೇಕೆಂದರೆ ಇದಕ್ಕಿಂತ ಸರಿಯಾದ ವಸ್ತು ಇನ್ನೊಂದಿಲ್ಲ. ಮೇಜಿನ ಮೇಲೆ ಗುಡ್ಡ, ಬಿದಿರ ಮೆಳೆ, ಬೇಲಿ ಎಲ್ಲ ಸಿದ್ಧವಾಯಿತು. ಈಗ ಆಳುಗಳು ಬೇಕು.

ಕಂಪನಿ ಕಡೆಯ ಆಳುಗಳಿಗೆ ಕಷ್ಟವಿಲ್ಲ. ಗೋರರ ಕೆಂಪು ಕೋಟು, ಅಡ್ಡ ಬಿದ್ದ ಬಿಳಿ ಪಟ್ಟಿ, ಮದರಾಸು ಸಿಪಾಯಿಗಳ ಗಿಡ್ಡ ಚಲ್ಲಣ ಎಲ್ಲದಕ್ಕೂ ಚಿತ್ರಗಳಿವೆ. ವೆಲ್ಲೆಸ್ಲಿ ಎಲ್ಲಿದ್ದ, ಯಾವ ದಿನ ಯಾರಿಗೆ ಏನು ಬರೆದ ಎಂಬುದಕ್ಕೆ ಅವನ ಪತ್ರಗಳೇ ಇವೆ. 1834ರಿಂದ ಸಂಪುಟದ ಮೇಲೆ ಸಂಪುಟವಾಗಿ ಅವು ಅಚ್ಚಾದವು.

ತೋಪು ಎಳೆಯುವ ಎತ್ತುಗಳಿಗೂ ಕಷ್ಟವಿಲ್ಲ. ಅವು ನಮ್ಮ ಅಮೃತ ಮಹಲ್ ರಾಸುಗಳು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂದು ಹೆಸರಾಗಿದ್ದ ಈ ದನದ ಇಲಾಖೆಗೆ ‘ಅಮೃತ ಮಹಲ್’ ಎಂದು ಹೆಸರಿಟ್ಟವನು ಟಿಪ್ಪು. ಹೈದರಾಲಿಯ ದಂಡು ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರಕ್ಕೆ ನೆರವಿಗೆ ಹೋದದ್ದು ಈ ಎತ್ತುಗಳ ಬಲದಿಂದಲೇ ಎಂದು ಹಳೆಯ ಗೆಜೆಟಿಯರ್ ಹೇಳುತ್ತದೆ. 1799ರ ನಂತರ ರಾಸುಗಳು ಕಂಪನಿಯ ಪಾಲಾದವು. ಮುಂದೆ ಸ್ಪೇನಿನಲ್ಲಿ ನೆಪೋಲಿಯನ್ನನ ಸೇನಾಪತಿಗಳ ವಿರುದ್ಧ ಹೋರಾಡುವಾಗ ವೆಲಿಂಗ್ಟನ್ ಆ ಮೈಸೂರು ಎತ್ತುಗಳು ಇಲ್ಲಿಲ್ಲವಲ್ಲ ಎಂದು ಪರಿತಪಿಸುತ್ತಿದ್ದನಂತೆ. ಹಾಸನದ ಕಾವಲುಗಳಲ್ಲಿ ಮೇಯ್ದ ಎತ್ತನ್ನು ಯುರೋಪಿನ ಯುದ್ಧದಲ್ಲಿ ನೆನೆಸಿಕೊಂಡ ಸೇನಾಪತಿ! ಕೋಪನ್‌ಹೇಗನ್ ಕುದುರೆಯ ಪಕ್ಕದಲ್ಲಿ ಇಂಥದೊಂದು ಎತ್ತಿನ ಗೊಂಬೆ ಇದ್ದರೂ ತಪ್ಪಿಲ್ಲ ಎನಿಸುತ್ತದೆ.

ಮೈಸೂರು ಸೈನಿಕನ ವೇಷಕ್ಕೆ ಶ್ರೀರಂಗಪಟ್ಟಣದ ದರಿಯಾ ದೌಲತ್ ಇದೆ. 1784ರ ಈ ಬೇಸಿಗೆ ಅರಮನೆಯ ಪಶ್ಚಿಮ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕದನದ ಚಿತ್ರವಿದೆ. ನೋಡಿದವರಿಗೆ ನೆನಪಿರಬಹುದು: ಚೌಕಾಕಾರದಲ್ಲಿ ಸಿಕ್ಕಿಕೊಂಡ ಇಂಗ್ಲಿಷ್ ದಂಡು, ನಡುವೆ ಪಲ್ಲಕ್ಕಿಯಲ್ಲಿ ಕುಳಿತ ಬೇಲಿ, ಸಿಡಿಯುತ್ತಿರುವ ಮದ್ದಿನ ಗಾಡಿ, ದುರ್ಬೀನು ಹಿಡಿದ ಫ್ರೆಂಚ್ ಅಧಿಕಾರಿ ಲಾಲಿ. ಸಾಲು ಸಾಲು ಅಶ್ವಾರೋಹಿಗಳು, ಒಬ್ಬನ ಮುಖದಂತೆ ಇನ್ನೊಬ್ಬನದು. ಗೊಂಬೆ ಹವ್ಯಾಸಿಯ ಮೇಜನ್ನು ಎತ್ತಿ ಗೋಡೆಗೆ ಅಂಟಿಸಿದಂತಿದೆ. ಇದರಲ್ಲೂ ಒಂದು ತೊಡಕುಂಟು. ಅಲ್ಲಿ ಬಿಡಾರ ಮಾಡಿದ್ದ ವೆಲ್ಲೆಸ್ಲಿ ಹಾಳಾಗಿದ್ದ ಚಿತ್ರಗಳನ್ನು ದುರಸ್ತಿ ಮಾಡಿಸಿದ; 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಆಜ್ಞೆಯಂತೆ ಮತ್ತೊಮ್ಮೆ ಬಣ್ಣ ಬಿತ್ತು. ಇಂಗ್ಲಿಷರ ಸೋಲಿನ ಚಿತ್ರ ಇಂಗ್ಲಿಷರ ಖರ್ಚಿನಲ್ಲಿ ಉಳಿದುಬಂದಿದೆ. ಪ್ರಷ್ಯದವರ ಗೊಂಬೆಗಳನ್ನು ಸಹಿಸದ ಮನುಷ್ಯ ಈ ಗೋಡೆಯನ್ನು ಉಳಿಸಿದ್ದು ವಿಚಿತ್ರವೇ. ಬಹುಶಃ ಆ ಸೋಲು ಅವನದಲ್ಲ, ಬೇಲಿಯದು ಎಂಬ ಸಮಾಧಾನವೂ ಇದ್ದಿರಬಹುದು.

ಉಳಿದದ್ದು ಬಲಂನ ಆಳು. ಅವನ ಗೊಂಬೆ ಮಾಡಹೊರಟರೆ ಕುಂಚ ಅಲ್ಲೇ ನಿಲ್ಲುತ್ತದೆ. ಬೇಲಿಯ ಹಿಂದೆ ಕುಳಿತು ಕೋವಿ ಹಾರಿಸಿದವನು ಯಾರು? ನಾಯಕನ ಸಂಬಳದ ಬಂಟನೇ, ಉಂಬಳಿ ಗೌಡನೇ, ಗದ್ದೆ ಕೆಲಸ ಬಿಟ್ಟು ಬಂದ ಒಕ್ಕಲಿನವನೇ? ತಲೆಗೆ ರುಮಾಲೋ, ಮಳೆನಾಡಿನ ಕಂಬಳಿ ಕೊಪ್ಪೆಯೋ? ಈ ಕದನದ ಬಗ್ಗೆ ನಮ್ಮ ಕೈಯಲ್ಲಿರುವ ಮುಖ್ಯ ಆಧಾರವೆಲ್ಲ ಗೆದ್ದವನ ಪತ್ರಗಳು. ಅವುಗಳಲ್ಲಿ ಬೇಲಿಯ ದಪ್ಪ ಇದೆ, ಕಾಡಿನ ದಟ್ಟಣೆ ಇದೆ, ದಾರಿ ಕಡಿಯಲು ಹಿಡಿದ ಸಮಯವಿದೆ. ಬೇಲಿಯ ಹಿಂದಿನವನ ಮುಖವಿಲ್ಲ. ಸೈಬೋರ್ನ್ ವಾಟರ್ಲೂವಿನ ಒಬ್ಬೊಬ್ಬ ಅಧಿಕಾರಿಗೂ ಪತ್ರ ಬರೆದು ‘ನೀವು ಎಲ್ಲಿ ನಿಂತಿದ್ದಿರಿ’ ಎಂದು ಕೇಳಿದ. 1830ರಲ್ಲಿ ಅರಕೆರೆಯ ಕಾಳಗ ಕಂಡ ಮುದುಕರು ಸಕಲೇಶಪುರದ ಕಡೆಯೂ ಬದುಕಿದ್ದಿರಲೇಬೇಕು. ಅವರನ್ನು ಯಾರೂ ಹಾಗೆ ಕೇಳಲಿಲ್ಲ.

ಇದು ಹಾಸನ ಜಿಲ್ಲೆಯಲ್ಲಿ ಆದದ್ದು ಎಂಬುದೇ ಹೆಚ್ಚು ಖೇದದ ಸಂಗತಿ. ಸತ್ತ ಆಳಿನ ಹೆಸರು ಬರೆದಿಡುವ ಅಭ್ಯಾಸ ಈ ನೆಲಕ್ಕೆ ಹೊಸದಲ್ಲ. ದನ ತುರು ಬಿಡಿಸಲು ಹೋಗಿ ಮಡಿದವನಿಗೆ, ಊರಳಿವಿನಲ್ಲಿ ಕಾದಿ ಬಿದ್ದವನಿಗೆ ಇಲ್ಲಿನ ಊರೂರಿನಲ್ಲಿ ವೀರಗಲ್ಲು ನಿಲ್ಲಿಸಿದರು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅವನನ್ನು ಎತ್ತಿ ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೈಮುಗಿದು ಕುಳಿತ ಅವನೇ. ಕೆಳಪಟ್ಟಿಕೆಯನ್ನು ಹತ್ತಿರ ಹೋಗಿ ನೋಡಿ: ಕತ್ತಿಯ ಬಾಗು, ಗುರಾಣಿಯ ಹಿಡಿ, ತುರುಬಿನ ಗಂಟು, ಸೊಂಟಕ್ಕೆ ಬಿಗಿದ ಬಟ್ಟೆ. 54 ಮಿಲಿಮೀಟರಿನವರು ಬೇಡುವ ವಿವರಗಳೆಲ್ಲ ಕಲ್ಲಿನಲ್ಲಿವೆ. ಬಿ. ಎಲ್. ರೈಸ್ ಹಾಸನ ಜಿಲ್ಲೆಯ ಶಾಸನಗಳ ಸಂಪುಟವನ್ನು ಪ್ರಕಟಿಸಿದ್ದು 1902ರಲ್ಲಿ, ಅರಕೆರೆಯ ಕಾಳಗಕ್ಕೆ ಸರಿಯಾಗಿ ನೂರು ವರ್ಷದ ಮೇಲೆ. ಎಂಟುನೂರು ವರ್ಷ ಹಿಂದಿನ ಹಳ್ಳಿಯ ಕಾಲಾಳುಗಳ ಹೆಸರು ಅದರಲ್ಲಿ ಸಿಗುತ್ತದೆ.

ಸೈನ್ಯವನ್ನು ಚಿಕ್ಕದು ಮಾಡಿ ನೋಡುವ ಆಸೆಯೂ ಇಲ್ಲಿನವರಿಗೆ ಹೊರಗಿನಿಂದ ಬಂದದ್ದಲ್ಲ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬುಡದ ಸಾಲುಗಳಲ್ಲಿ ಆನೆಗಳ ಮೇಲೆ ಸಿಂಹ, ಅದರ ಮೇಲೆ ಬಳ್ಳಿ, ಬಳ್ಳಿಯ ಮೇಲೆ ಕುದುರೆ ಸವಾರರು. ಮೇಲಿನ ಪುರಾಣದ ಸಾಲಿನಲ್ಲಿ ಅಭಿಮನ್ಯುವಿನ ಚಕ್ರವ್ಯೂಹವಿದೆ. ಶಿಲ್ಪಿ ಅದನ್ನು ಕೆತ್ತಿರುವ ಬಗೆ ನೋಡಬೇಕು. ವ್ಯೂಹವನ್ನು ಮೇಲಿನಿಂದ ಕಂಡಂತೆ, ಸುತ್ತಿನೊಳಗೆ ಸುತ್ತಾಗಿ ಹಾಸಿದ್ದಾನೆ. ಸೈಬೋರ್ನನಿಗೆ ಏಳು ಶತಮಾನ ಮೊದಲೇ ನಮ್ಮವನೊಬ್ಬ ರಣರಂಗದ ನಕ್ಷೆಯನ್ನು ಅಂಗೈಯಗಲಕ್ಕೆ ಇಳಿಸಿದ್ದ.

ದಸರೆಯ ಗೊಂಬೆ ಹಬ್ಬವಂತೂ ಮನೆಮನೆಯ ಮಾತು. ಮೆಟ್ಟಿಲು ಕಟ್ಟಿ, ಮೇಲೆ ಪಟ್ಟದ ಗೊಂಬೆಗಳಾದ ರಾಜ ರಾಣಿಯರನ್ನು ಕೂರಿಸಿ, ಕೆಳಗೆ ಅಂಬಾರಿ ಆನೆ, ಕುದುರೆ, ಬ್ಯಾಂಡಿನವರು, ಕೋವಿ ಹೆಗಲೇರಿಸಿದ ಸಿಪಾಯಿಗಳನ್ನು ಸಾಲಾಗಿ ನಿಲ್ಲಿಸುವುದು ಹಳೆ ಮೈಸೂರು ಸೀಮೆಯಲ್ಲಿ ತಲೆಮಾರುಗಳಿಂದ ನಡೆದಿದೆ. ಮೈಸೂರು ಅರಮನೆಯಲ್ಲಿ ಇದಕ್ಕಾಗಿಯೇ ‘ಗೊಂಬೆ ತೊಟ್ಟಿ’ ಇದೆ. ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಮಗಳಿಗೆ ಬಂದ ಪೆಟ್ಟಿಗೆಯನ್ನು ವರ್ಷಕ್ಕೊಮ್ಮೆ ಬಿಚ್ಚಿ, ಹಳೆ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ಸಿಪಾಯಿಯನ್ನು ಒರೆಸಿ ನಿಲ್ಲಿಸುವ ನಮ್ಮ ಗೃಹಿಣಿಯರು ಯಾವ ಯುರೋಪಿನ ಸಂಗ್ರಾಹಕನಿಗೂ ಕಡಿಮೆಯವರಲ್ಲ. ವ್ಯತ್ಯಾಸ ಒಂದೇ. ನಮ್ಮ ಮೆಟ್ಟಿಲಿನ ಸಿಪಾಯಿಗಳು ಯಾರೊಂದಿಗೂ ಕಾದುವುದಿಲ್ಲ, ಮೆರವಣಿಗೆ ಹೊರಟಿದ್ದಾರೆ. ಅವರ ಎದುರಿಗೆ ಶತ್ರುವಿನ ಸಾಲೇ ಇಲ್ಲ. ನಿಂತ ಸಾಲಿನಲ್ಲಿ ಬಲಂನವನಿಗೂ ಜಾಗವಿಲ್ಲ ಎಂಬುದು ಬೇರೆ ಮಾತು.

ಸಕಲೇಶಪುರದಿಂದ ಮಂಗಳೂರು ಹೆದ್ದಾರಿಯಲ್ಲಿ ಐದಾರು ಕಿಲೋಮೀಟರು ಹೋದರೆ ದೋಣಿಗಲ್ ಬಳಿ ಎಡಕ್ಕೊಂದು ಗುಡ್ಡ. ಅದರ ನೆತ್ತಿಯಲ್ಲಿ 1792ರ ಸುಮಾರಿಗೆ ಟಿಪ್ಪು ಕಟ್ಟಿಸಿದ ಮಂಜರಾಬಾದ್ ಕೋಟೆಯಿದೆ. ಮಂಜು ಕವಿದ ಬೆಟ್ಟ ಕಂಡು ಅವನೇ ಈ ಹೆಸರಿಟ್ಟನಂತೆ. ಫ್ರೆಂಚ್ ಮಾದರಿಯ ಎಂಟು ಮೊನೆಯ ನಕ್ಷತ್ರದ ಕೋಟೆ, ನಡುವೆ ಕೂಡುಗುರುತಿನ ಆಕಾರದ ಕೊಳ. ಆಕಾಶದಿಂದ ತೆಗೆದ ಅದರ ಚಿತ್ರ ಈಗ ಎಲ್ಲ ಪ್ರವಾಸಿ ಕರಪತ್ರಗಳಲ್ಲಿ ಸಿಗುತ್ತದೆ. ಯಾರೋ ಕುಶಲ ಹವ್ಯಾಸಿ ಮೇಜಿನ ಮೇಲೆ ಮಾಡಿಟ್ಟ ಮಾದರಿಯಂತೆಯೇ ಕಾಣುತ್ತದೆ. ರಜೆಯ ದಿನಗಳಲ್ಲಿ ಗುಡ್ಡದ ಮೆಟ್ಟಿಲ ತುಂಬ ಜನ. ಟಿಪ್ಪುವಿನ ಹೆಸರು ಬಲ್ಲವರೇ ಎಲ್ಲರೂ. ಕೃಷ್ಣಪ್ಪ ನಾಯಕನ ಹೆಸರು ಕೇಳಿದರೆ ತಲೆ ತುರಿಸಿಕೊಳ್ಳುವವರು ಹೆಚ್ಚು.

ಕಲ್ಲಿನ ಕೋಟೆ ಉಳಿಯಿತು. ಬಲಂನ ಕಾಳಗ ನಡೆದದ್ದು ಬಿದಿರು ಮುಳ್ಳಿನ ಬೇಲಿಗಳ ನಡುವೆ. ಗೆದ್ದ ಮೇಲೆ ವೆಲ್ಲೆಸ್ಲಿ ಮಾಡಿಸಿದ ಮೊದಲ ಕೆಲಸಗಳೆಂದರೆ ಕಾಡಿನ ನಡುವೆ ದಾರಿ ಕಡಿಸಿದ್ದು, ಊರುಗಳ ಸುತ್ತಲಿನ ಬೇಲಿ ಕೀಳಿಸಿದ್ದು, ಜನರ ಆಯುಧ ಕಿತ್ತುಕೊಂಡದ್ದು. ಮುಂದೆ ನಾಲ್ಕಾರು ದಶಕಗಳಲ್ಲಿ ಆ ದಾರಿಗಳ ಗುಂಟ ಕಾಫಿ ತೋಟಗಳು ಬಂದವು.